ಮಗ್ಗುಲು ಬದಲಿಸುವಾಗಿನ ನೋವು

14 ಮಾರ್ಚ್ 2024, ಗುರುವಾರ

ಕ್ಯಾನ್ಸರ್‌ನಿಂದ ಬೆನ್ನುಮೂಳೆಯ ಮಣಿ ಕುಸಿದವರನ್ನು ಫಿಸಿಯೋಥೆರಪಿಸ್ಟ್ ಆದ ನಾನು ಗುರುತಿಸುವುದು ಹೆಚ್ಚಾಗಿ ಅವರು ಮಂಚದಿಂದ ಏಳುವ ರೀತಿಯಿಂದ. ಅಲುಗಾಡದೆ ಮಲಗಿರುವಷ್ಟು ಹೊತ್ತು ಅವರಿಗೆ ಅಷ್ಟಾಗಿ ತೊಂದರೆ ಇರುವುದಿಲ್ಲ. ಮಗ್ಗುಲು ಬದಲಿಸಲು ಹೊರಟಾಗ, ಎದ್ದು ಕೂರಲು ಯತ್ನಿಸಿದಾಗ, ದೇಹದ ಭಾರ ಬೆನ್ನಿನ ಮೇಲೆ ಬಿದ್ದ ಕೂಡಲೇ ಉಸಿರು ಬಿಗಿ ಹಿಡಿಯುತ್ತಾರೆ. ಗಡ್ಡೆಯಿಂದಲೇ ಹುಟ್ಟುವ ನೋವಿನ ಸ್ವಭಾವ ಬೇರೆ. ಅದು ರಾತ್ರಿ ಹೆಚ್ಚುತ್ತದೆ, ಮಲಗಿದರೂ ಬಿಡುವುದಿಲ್ಲ, ಸ್ಟಿರಾಯ್ಡ್‌ಗೋ ರೇಡಿಯೋಥೆರಪಿಗೋ ಬಗ್ಗುತ್ತದೆ. ಎರಡೂ ಒಬ್ಬರಲ್ಲೇ ಬೆರೆತಿರುವುದುಂಟು. ಆದರೂ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡದೆ ಚಿಕಿತ್ಸೆ ನಿರ್ಧರಿಸುವುದು ಸರಿಯಲ್ಲ. ಏಕೆಂದರೆ ರೇಡಿಯೋಥೆರಪಿ ಗಡ್ಡೆಯನ್ನು ಕುಗ್ಗಿಸಬಲ್ಲದೇ ಹೊರತು ಮುರಿದು ಕುಸಿದ ಮಣಿಗೆ ಕೂಡಲೇ ಆಸರೆ ಕೊಡಲಾರದು.

ಕುಸಿದ ಮಣಿಯೊಳಗೆ ಬಲೂನು ಉಬ್ಬಿಸಿ ಸಿಮೆಂಟ್ ತುಂಬುವ ಕೈಫೋಪ್ಲಾಸ್ಟಿ ಚಿಕಿತ್ಸೆಗೆ ಇಂದು ಒಳಗಾದವರಿಗೆ ಮಲ್ಟಿಪಲ್ ಮೈಲೋಮಾ ಇದೆ. ಅಸ್ಥಿಮಜ್ಜೆಯ ಈ ಕ್ಯಾನ್ಸರ್‌ನಲ್ಲಿ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆರಳುತ್ತವೆ, ಕಟ್ಟುವ ಜೀವಕೋಶಗಳು ಸುಮ್ಮನಾಗುತ್ತವೆ. ಹೀಗೆ ಒಳಗಿನಿಂದ ಟೊಳ್ಳಾದ ಮಣಿಯು ಕೆಮ್ಮಿದಾಗಲೋ ಬಾಗಿದಾಗಲೋ ಬೀಳುವ ಒತ್ತಡಕ್ಕೇ ಕುಸಿದುಬಿಡಬಹುದು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಬೆನ್ನುಮೂಳೆಗೆ ಹರಡಿದಾಗಲೂ ಇಂಥ ಮುರಿತ ಕಾಣಿಸಿಕೊಳ್ಳುತ್ತದೆ. ಇವರ ಸೊಂಟದ ಮೊದಲನೆಯ ಮಣಿ ಮುಂಭಾಗದಲ್ಲಿ ಬೆಣೆಯಾಕಾರಕ್ಕೆ ಕುಗ್ಗಿತ್ತು. ಎಂಆರ್‌ಐ ಚಿತ್ರದಲ್ಲಿ ಆ ಮಣಿಯೊಳಗೆ ನೀರು ತುಂಬಿದ ಬಿಳಿ ಛಾಯೆ ಕಂಡಿದ್ದರಿಂದ ಮುರಿತ ಹೊಸದೆಂದು ಖಚಿತವಾಯಿತು. ಹಳೆಯದಾಗಿ ಕೂಡಿಕೊಂಡ ಮುರಿತಕ್ಕೆ ಸಿಮೆಂಟ್ ತುಂಬಿದರೆ ಹೆಚ್ಚಿನ ಪ್ರಯೋಜನವಿಲ್ಲ. ಹೀಗಾಗಿ ಎಕ್ಸ್‌-ರೇಯಲ್ಲಿ ಮೂರು ಮಣಿಗಳು ಕುಗ್ಗಿದಂತೆ ಕಂಡರೂ ನೋಯುವುದು ಯಾವುದು ಎಂಬುದನ್ನು ಎಂಆರ್‌ಐ ಮತ್ತು ಬೆರಳಿನಿಂದ ಒತ್ತಿ ನೋಡುವ ಪರೀಕ್ಷೆ ಎರಡನ್ನೂ ಸೇರಿಸಿ ತೀರ್ಮಾನಿಸಬೇಕಾಗುತ್ತದೆ.

ಒಳಗೆ ನಿಂತು ನೋಡಲು ಅವಕಾಶ ಸಿಕ್ಕಿತ್ತು. ರೋಗಿಯನ್ನು ಬೋರಲು ಮಲಗಿಸಿ, ಎಕ್ಸ್‌-ರೇ ಯಂತ್ರವನ್ನು ಮುಂದಿನಿಂದ ಮತ್ತು ಪಕ್ಕದಿಂದ ತಿರುಗಿಸಿ ನೋಡುತ್ತಾ, ಚರ್ಮದಲ್ಲಿ ಅರ್ಧ ಸೆಂಟಿಮೀಟರಿಗೂ ಚಿಕ್ಕದಾದ ಎರಡು ಗಾಯ ಮಾಡಿ, ಮಣಿಯ ಹಿಂಭಾಗದ ಎರಡು ಕಿರಿದಾದ ಮೂಳೆಕಂಬಗಳ ಮೂಲಕ ಸೂಜಿಯನ್ನು ಮುಂದಿನ ಗುಂಡಗಿನ ಭಾಗಕ್ಕೆ ಇಳಿಸಿದರು. ಆ ಕಂಬದ ಒಳಗೋಡೆಯ ಆಚೆಗೇ ಬೆನ್ನುಹುರಿಯ ನಾಳವಿರುವುದರಿಂದ ಕೆಲವೇ ಮಿಲಿಮೀಟರುಗಳ ವ್ಯತ್ಯಾಸವೂ ಇಲ್ಲಿ ದೊಡ್ಡದು. ಅದೇ ಸೂಜಿಯಿಂದ ಒಂದು ಚೂರು ಮೂಳೆಯನ್ನು ಬಯಾಪ್ಸಿಗೆ ತೆಗೆದುಕೊಂಡದ್ದು ನನಗೆ ಮೆಚ್ಚುಗೆಯಾಯಿತು. ಆಮೇಲೆ ಪುಟ್ಟ ಬಲೂನುಗಳನ್ನು ಉಬ್ಬಿಸಿ ಪೊಳ್ಳು ಜಾಗ ಮಾಡಿ, ಅವುಗಳನ್ನು ಹೊರತೆಗೆದು, ಪಾಲಿಮಿಥೈಲ್ ಮೆಥಾಕ್ರಿಲೇಟ್ ಎಂಬ ಮೂಳೆ ಸಿಮೆಂಟನ್ನು ಅಲ್ಲಿಗೆ ತುಂಬಿದರು. ಪುಡಿಗೆ ದ್ರವ ಸೇರಿಸಿ ಕಲಸಿದಾಗ ಕೋಣೆಯ ತುಂಬ ಹರಡುವ ಆ ತೀಕ್ಷ್ಣ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ನೀರಾಗಿದ್ದಾಗ ತುಂಬಿದರೆ ಸೋರುತ್ತದೆ, ತಡಮಾಡಿದರೆ ಗಟ್ಟಿಯಾಗಿ ಸೂಜಿಯಲ್ಲೇ ಉಳಿಯುತ್ತದೆ. ಟೂತ್‌ಪೇಸ್ಟಿನ ಹದಕ್ಕೆ ಬರುವವರೆಗೆ ಎಲ್ಲರೂ ಕಾಯುತ್ತಾರೆ. ಬಿಸಿಯಾಗುತ್ತಾ ಗಟ್ಟಿಯಾಗುವ ಈ ವಸ್ತುವಿನಲ್ಲಿ ಬೇರಿಯಂ ಲವಣವನ್ನು ಬೆರೆಸಿರುವುದರಿಂದ ಅದು ಎಕ್ಸ್‌-ರೇಯಲ್ಲಿ ಕಪ್ಪಗೆ ಕಾಣುತ್ತದೆ, ಎತ್ತ ಹರಿಯುತ್ತಿದೆ ಎಂಬುದು ಕ್ಷಣಕ್ಷಣಕ್ಕೂ ತಿಳಿಯುತ್ತದೆ. ಸಿಮೆಂಟ್ ಮಣಿಯ ಹಿಂಗೋಡೆಯತ್ತ ಒಂದಿಷ್ಟು ವಾಲಿದ ಕೂಡಲೇ ವೈದ್ಯರು ಕೈ ತಡೆದರು. ಬಲೂನಿಲ್ಲದೆ ನೇರವಾಗಿ ಸಿಮೆಂಟ್ ತುಂಬುವುದಾದರೆ ಅದೇ ವರ್ಟಿಬ್ರೋಪ್ಲಾಸ್ಟಿ.

ಈ ಚಿಕಿತ್ಸೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ಇರುವ ವೃದ್ಧರಿಗಾಗಿ ಹುಟ್ಟಿ ಆಮೇಲೆ ಕ್ಯಾನ್ಸರ್‌ಗೆ ಬಂದದ್ದೆಂದು ಹಲವರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ. 1984ರಲ್ಲಿ ಫ್ರಾನ್ಸಿನ ಅಮಿಯಾಂನಲ್ಲಿ ಗ್ಯಾಲಿಬರ್ ಮತ್ತು ದೆರಮೋಂ ಎಂಬ ವೈದ್ಯರು ಕುತ್ತಿಗೆಯ ಎರಡನೆಯ ಮಣಿಯನ್ನು ತಿನ್ನುತ್ತಿದ್ದ ರಕ್ತನಾಳದ ಗಡ್ಡೆಯೊಂದಕ್ಕೆ ಮೊದಲ ಬಾರಿಗೆ ಹೀಗೆ ಸಿಮೆಂಟ್ ತುಂಬಿದರು. ಅದು ಕ್ಯಾನ್ಸರ್ ಅಲ್ಲದಿದ್ದರೂ ಗಡ್ಡೆಯೇ. ಬಲೂನಿನ ವಿಧಾನ ಬಂದದ್ದು 1990ರ ದಶಕದ ಕೊನೆಯಲ್ಲಿ. ಆಸ್ಟಿಯೋಪೊರೋಸಿಸ್ ಮುರಿತಗಳ ಮಟ್ಟಿಗೆ 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ವರ್ಟಿಬ್ರೋಪ್ಲಾಸ್ಟಿಯನ್ನು, ಸಿಮೆಂಟ್ ತುಂಬದೆ ತುಂಬಿದಂತೆ ತೋರಿಸುವ ಸುಳ್ಳು ಚಿಕಿತ್ಸೆಯೊಂದಿಗೆ ಹೋಲಿಸಿ, ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದೆ, ಎಲ್ಲರ ಉತ್ಸಾಹವನ್ನೂ ತಗ್ಗಿಸಿದವು. ಆ ಸಂಶಯವನ್ನು ಯಥಾವತ್ತಾಗಿ ಕ್ಯಾನ್ಸರ್ ಮುರಿತಕ್ಕೂ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ವೃದ್ಧರ ಮುರಿತ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಗಡ್ಡೆ ತುಂಬಿದ ಮೂಳೆ ಹಾಗೆ ಕೂಡಿಕೊಳ್ಳುವುದನ್ನು ನೆಚ್ಚಿ ಕಾಯಲಾಗದು.

ಕ್ಯಾನ್ಸರ್ ರೋಗಿಗಳಲ್ಲೇ ಕೈಫೋಪ್ಲಾಸ್ಟಿಯನ್ನು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು. 134 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೈಫೋಪ್ಲಾಸ್ಟಿ, ಇನ್ನೊಂದಕ್ಕೆ ಶಸ್ತ್ರಕ್ರಿಯೆಯಿಲ್ಲದ ಆರೈಕೆ ನೀಡಲಾಯಿತು. ಅವರು ಮುಖ್ಯವಾಗಿ ಅಳೆದದ್ದು ಮಣಿಯ ಎತ್ತರವನ್ನಲ್ಲ; ರೋಲ್ಯಾಂಡ್–ಮಾರಿಸ್ ಪ್ರಶ್ನಾವಳಿಯ ಅಂಕವನ್ನು. ಬೆನ್ನಿನಿಂದಾಗಿ ಬಟ್ಟೆ ಹಾಕಿಕೊಳ್ಳುವುದು, ಮೆಟ್ಟಿಲು ಹತ್ತುವುದು, ಮಗ್ಗುಲು ಹೊರಳುವುದು ಹೇಗೆ ಕಷ್ಟವಾಗಿದೆ ಎಂಬ 24 ಹೇಳಿಕೆಗಳು ಅದರಲ್ಲಿವೆ. ಹೌದೆಂದಷ್ಟೂ ಅಂಕ ಏರುತ್ತದೆ. ಕೈಫೋಪ್ಲಾಸ್ಟಿಯ ಗುಂಪಿನ ಸರಾಸರಿ 17.6ರಿಂದ ಒಂದು ತಿಂಗಳಲ್ಲಿ 9.1ಕ್ಕೆ ಇಳಿಯಿತು, ಇನ್ನೊಂದು ಗುಂಪಿನದು 18.2ರಿಂದ 18.0ಕ್ಕೆ ಬಂದು ನಿಂತಿತು. ಯಾರಿಗೆ ಯಾವ ಚಿಕಿತ್ಸೆ ಎಂಬುದು ಎಲ್ಲರಿಗೂ ತಿಳಿದಿದ್ದ ಅಧ್ಯಯನವಿದು, ಆ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಎದ್ದು ಕೂರಲಾಗದವರಲ್ಲಿ ಇಷ್ಟು ದೊಡ್ಡ ಅಂತರವನ್ನು ಬರಿಯ ಭರವಸೆಯ ಫಲವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನ ತಕರಾರು ಇರುವುದು ಬೇರೆಡೆ. ಚಿಕಿತ್ಸೆಗೆ ಮುಂಚಿನ ಮತ್ತು ಅನಂತರದ ಎಕ್ಸ್‌-ರೇಗಳನ್ನು ಅಕ್ಕಪಕ್ಕ ಇಟ್ಟು, ಮಣಿ ಎಷ್ಟು ಮಿಲಿಮೀಟರು ಮೇಲೆದ್ದಿತು ಎಂದು ತೋರಿಸುವ ಅಭ್ಯಾಸ ಎಲ್ಲೆಡೆ ಇದೆ. ನೋವು ಇಳಿಯುವುದು ಮುರಿದ ಚೂರುಗಳ ಅಲುಗಾಟ ನಿಲ್ಲುವುದರಿಂದ. ಎತ್ತರ ಮರಳಿದ್ದಕ್ಕೂ ನೋವು ಇಳಿದದ್ದಕ್ಕೂ ನೇರ ಸಂಬಂಧ ಕಾಣುವುದು ಕಡಿಮೆ. ರೇಡಿಯೋಥೆರಪಿಯ ಗಟ್ಟಿ ಮೇಜಿನ ಮೇಲೆ ಅಲುಗಾಡದೆ ಮಲಗಲು ಸಾಧ್ಯವಾಯಿತೇ, ಮಾರ್ಫಿನ್ ಪ್ರಮಾಣ ತಗ್ಗಿ ಮಂಪರು ಬಿಟ್ಟಿತೇ, ಕಿಮೋ ತಡವಾಗದೆ ಶುರುವಾಯಿತೇ ಎಂಬುವು ನನಗೆ ಹೆಚ್ಚು ಮುಖ್ಯವಾದ ಪ್ರಶ್ನೆಗಳು. ಹಾಸಿಗೆ ಹಿಡಿದ ಕ್ಯಾನ್ಸರ್ ರೋಗಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ತೊಡೆಯ ಸ್ನಾಯು ಕರಗುತ್ತದೆ. ಎಷ್ಟೋ ಸಲ ಮುಂದಿನ ಚಿಕಿತ್ಸೆಯನ್ನು ತಾಳಿಕೊಳ್ಳುವ ಶಕ್ತಿ ಉಳಿದಿದೆಯೇ ಎಂಬುದನ್ನು ವೈದ್ಯರು ಅಳೆಯುವುದೂ ದಿನದ ಎಷ್ಟು ಹೊತ್ತು ಆತ ಹಾಸಿಗೆಯಲ್ಲಿದ್ದಾನೆ ಎಂಬುದರ ಮೇಲೆಯೇ.

ಸಂಜೆ ಅವರನ್ನು ಎಬ್ಬಿಸಲು ಹೋದಾಗ, "ಸಿಮೆಂಟ್ ಹಾಕಿದ್ದಾರಲ್ಲ, ಕ್ಯಾನ್ಸರೂ ಅಲ್ಲಿಗೆ ಮುಚ್ಚಿಹೋಯಿತು ತಾನೇ?" ಎಂದು ಅವರ ಮಗ ಕೇಳಿದರು. ಇಲ್ಲವೆಂದು ಹೇಳಬೇಕಾಯಿತು. ಸಿಮೆಂಟ್ ಆಧಾರ ಮಾತ್ರ. ಮೈಲೋಮಾದ ಔಷಧಿ, ಅಗತ್ಯವಿದ್ದರೆ ರೇಡಿಯೋಥೆರಪಿ, ಮೂಳೆ ಕರಗುವುದನ್ನು ತಡೆಯುವ ಜೋಲೆಡ್ರೋನಿಕ್ ಆಮ್ಲ ಅಥವಾ ಡೆನೊಸುಮಾಬ್ ಎಲ್ಲವೂ ಮುಂದುವರಿಯಬೇಕು. ಆ ಚುಚ್ಚುಮದ್ದುಗಳಿಂದ ಅಪರೂಪಕ್ಕೆ ದವಡೆಯ ಮೂಳೆ ಸಾಯುವುದುಂಟಾದ್ದರಿಂದ ಮೊದಲು ದಂತವೈದ್ಯರಿಗೆ ತೋರಿಸಲು ತಿಳಿಸಿದೆ. ಬೆನ್ನನ್ನು ತಿರುಚದೆ ಇಡೀ ದೇಹವನ್ನು ಒಟ್ಟಿಗೆ ಹೊರಳಿಸಿ, ಕಾಲುಗಳನ್ನು ಕೆಳಗಿಳಿಸಿ, ಕೈಯೂರಿ ಏಳುವುದನ್ನು ಅಮ್ಮನಿಗೂ ಮಗನಿಗೂ ಹೇಳಿಕೊಟ್ಟೆ. ಅವರು ಎದ್ದು ಕೂತರು, ವಾಕರ್ ಹಿಡಿದು ಕೋಣೆಯ ಬಾಗಿಲವರೆಗೆ ಹೋಗಿ ಬಂದರು. ಸೂಜಿ ಹಾಕಿದ ಜಾಗದಲ್ಲಿ ನೋವಿದೆಯಂತೆ, ಒಳಗಿನ ಇರಿತ ಇಲ್ಲವಂತೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಸೋಂಕು ಇದ್ದರೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದ್ದರೆ ಮುಂದೂಡಬೇಕು. ಹಿಂಗೋಡೆ ಒಡೆದಿದ್ದರೆ ಸಿಮೆಂಟ್ ಬೆನ್ನುಹುರಿಯ ನಾಳದೊಳಗೆ ಸೋರುವ ಅಪಾಯ ಹೆಚ್ಚು. ಸಣ್ಣಪುಟ್ಟ ಸೋರಿಕೆಗಳು ಬಹುಪಾಲು ತೊಂದರೆ ಕೊಡದಿದ್ದರೂ ಸಿರೆಗಳ ಮೂಲಕ ಶ್ವಾಸಕೋಶ ತಲುಪಿದ ಸಿಮೆಂಟ್ ಒಮ್ಮೊಮ್ಮೆ ಪ್ರಾಣಕ್ಕೇ ಎರವಾಗಬಹುದು. ಬೆನ್ನುಮೂಳೆಯ ಸ್ಥಿರತೆಯನ್ನು 18 ಅಂಕಗಳಲ್ಲಿ ಅಳೆಯುವ ಕ್ರಮವೊಂದು 2010ರಿಂದ ಬಳಕೆಯಲ್ಲಿದೆ. 13ರಿಂದ ಮೇಲಕ್ಕೆ ಹೋದರೆ ಮೂಳೆ ಅಸ್ಥಿರವೆಂದು ಲೆಕ್ಕ, ಅಂಥವರಿಗೆ ಬರಿಯ ಸಿಮೆಂಟ್ ಸಾಲದೆ ಚರ್ಮದ ಸಣ್ಣ ರಂಧ್ರಗಳಿಂದಲೇ ತಿರುಪುಮೊಳೆ ಮತ್ತು ಸರಳುಗಳನ್ನು ಜೋಡಿಸಬೇಕಾಗಬಹುದು. ಇನ್ನು ಕಾಲು ಸೋಲುವುದು, ಮೂತ್ರ ಕಟ್ಟುವುದು, ತೊಡೆಗಳ ನಡುವೆ ಜೋಮು ಹಿಡಿಯುವುದು ಕಂಡರೆ ಗಡ್ಡೆ ನರಗಳನ್ನು ಒತ್ತುತ್ತಿದೆ ಎಂದರ್ಥ. ಆಗ ಸಿಮೆಂಟಿನ ಮಾತೆತ್ತದೆ ಅದೇ ದಿನ ತುರ್ತು ಚಿಕಿತ್ಸೆಗೆ ಸೇರಿಸಬೇಕು. 2005ರಲ್ಲಿ ಪ್ರಕಟವಾದ 101 ರೋಗಿಗಳ ಅಧ್ಯಯನದಲ್ಲಿ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆಯ ನಂತರ ರೇಡಿಯೋಥೆರಪಿ ಪಡೆದವರಲ್ಲಿ ಶೇ. 84ರಷ್ಟು ಮಂದಿ ನಡೆಯಬಲ್ಲವರಾಗಿದ್ದರೆ, ರೇಡಿಯೋಥೆರಪಿ ಮಾತ್ರ ಪಡೆದವರಲ್ಲಿ ಆ ಪ್ರಮಾಣ ಶೇ. 57 ಇತ್ತು.

ನಾಳಿನ ಸಭೆಯಲ್ಲಿ ಇನ್ನೊಬ್ಬ ರೋಗಿಯ ವಿಷಯ ಬರಲಿದೆ. ಸ್ತನ ಕ್ಯಾನ್ಸರ್ ಎದೆಭಾಗದ ಮಣಿಗೆ ಹರಡಿದೆ, ಮುರಿತ ಇದೆ, ಆದರೆ ನೋವು ಹೆಚ್ಚುವುದು ರಾತ್ರಿಯೇ. ಹಗಲಲ್ಲಿ ಆಕೆ ಸಲೀಸಾಗಿ ಎದ್ದು ಓಡಾಡುತ್ತಾರೆ. ಮೊದಲು ರೇಡಿಯೋಥೆರಪಿ ಕೊಟ್ಟು ನೋಡೋಣವೆಂದು ಹೇಳುವವನಿದ್ದೇನೆ. ಜೊತೆಗೆ, ಸಿಮೆಂಟ್ ಚಿಕಿತ್ಸೆಗೆ ಹೆಸರು ಬರೆಸುವ ಪ್ರತಿಯೊಬ್ಬರ ಪ್ರಶ್ನಾವಳಿಯನ್ನೂ ಹಿಂದಿನ ದಿನವೇ ತುಂಬಿಸಿ ಕಡತದಲ್ಲಿಡಲು, ಅದರ ಪಕ್ಕದಲ್ಲಿ ಅವರು ಅಂದು ನೆರವಿಲ್ಲದೆ ಎಷ್ಟು ದೂರ ನಡೆದರು ಎಂದು ನಮೂದಿಸಲು ಅನುಮತಿ ಕೇಳಬೇಕು.