ಗೇಣುದ್ದದ ದಾರ

ನನ್ನ ಬ್ಯಾಗಿನಲ್ಲಿ ಯಾವಾಗಲೂ ಎರಡು ದಾರ ಇರುತ್ತವೆ. ಒಂದು ಬಳಸೋದಕ್ಕೆ. ಅದು ಕಿತ್ತುಹೋದರೆ ಇರಲಿ ಅಂತ ಇನ್ನೊಂದು. ಎರಡೂ ತುದಿಗೆ ಬೆರಳು ತೂರುವಷ್ಟು ಕುಣಿಕೆ. ಒಂದು ನನ್ನ ಎಡಗೈಗೆ, ಇನ್ನೊಂದು ಅವಳ ಬಲಗೈಗೆ. ನಿಯಮದ ಪ್ರಕಾರ ಟ್ರ್ಯಾಕಿನ ಮೇಲೆ ಈ ದಾರ 30 ಸೆಂಟಿಮೀಟರ್‌ಗಿಂತ ಉದ್ದ ಇರುವಂತಿಲ್ಲ. ಕುಣಿಕೆ ಬಿಟ್ಟರೆ ಇಬ್ಬರ ಕೈ ನಡುವೆ ಉಳಿಯೋದು ಒಂದು ಗೇಣು.

ನಾನು ಗೈಡ್ ರನ್ನರ್. ಕಣ್ಣು ಕಾಣದ ಓಟಗಾರ್ತಿಯ ಜೊತೆ ಓಡುತ್ತೇನೆ. ಕೆಲಸ ಬ್ಯಾಂಕಿನಲ್ಲಿ, ಇದು ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ. ಕಾಲೇಜಿನಲ್ಲಿದ್ದಾಗ 1500 ಮೀಟರ್ ಓಡುತ್ತಿದ್ದೆ, ರಾಜ್ಯ ಮಟ್ಟ ದಾಟಲಿಲ್ಲ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಬೇಡ ಅಂದಿದ್ದಾಳೆ. ತಂಗಿ ಅಂತಲೇ ಬರೆಯುತ್ತೇನೆ. ಅವಳು ನನ್ನನ್ನು ಅಣ್ಣ ಅನ್ನುತ್ತಾಳೆ. ತಿಪಟೂರು ಕಡೆಯವಳು, ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ.

ಅವಳ ವಿಭಾಗ ಟಿ11. ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ಟಿ ಅಂದರೆ ಓಟ ಮತ್ತು ಜಿಗಿತ, ಎಫ್ ಅಂದರೆ ಎಸೆತ. 11, 12, 13 ದೃಷ್ಟಿದೋಷ ಇರುವವರಿಗೆ. ಟಿ11ರಲ್ಲಿ ಎಲ್ಲರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಲೇಬೇಕು. ಒಬ್ಬರಿಗೆ ಚೂರು ಬೆಳಕು ಗೊತ್ತಾಗುತ್ತೆ, ಇನ್ನೊಬ್ಬರಿಗೆ ಗೊತ್ತಾಗಲ್ಲ ಅನ್ನೋ ವ್ಯತ್ಯಾಸ ಇರಬಾರದು ಅಂತ. ಗೈಡ್ ಕಡ್ಡಾಯ. ಟಿ12ರಲ್ಲಿ ಬೇಕಾದರೆ ಗೈಡ್ ಇಟ್ಟುಕೊಳ್ಳಬಹುದು. ಟಿ13ರವರು ಒಬ್ಬರೇ ಓಡುತ್ತಾರೆ.

ಗೈಡ್ ಅಂದರೆ ಕೈ ಹಿಡಿದು ಕರೆದುಕೊಂಡು ಹೋಗುವವನು ಅಂತ ಜನ ತಿಳಿದುಕೊಂಡಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಅವಳ ಬಲಗೈ ಮುಂದೆ ಹೋದಾಗ ನನ್ನ ಎಡಗೈ ಮುಂದೆ ಹೋಗಬೇಕು. ಅವಳ ಎಡಗಾಲು ಬೀಳುವಾಗ ನನ್ನ ಬಲಗಾಲು ಬೀಳಬೇಕು. ಕನ್ನಡಿಯ ಎದುರು ನಿಂತ ಹಾಗೆ. ನಾನು ಅವಳಿಗಿಂತ ಒಂದು ಇಂಚು ಎತ್ತರ ಇರುವುದರಿಂದ ನನ್ನ ಹೆಜ್ಜೆ ಸಹಜವಾಗಿ ಉದ್ದ, ಅದನ್ನು ಮೊಟಕು ಮಾಡಿಕೊಳ್ಳೋದಕ್ಕೇ ಮೂರು ತಿಂಗಳು ಹಿಡಿಯಿತು. ನಾನು ಹೊರಗಡೆ ಓಡುತ್ತೇನೆ, ಹಾಗಾಗಿ ಪ್ರತಿ ತಿರುವಿನಲ್ಲೂ, ಅಂದರೆ ಬೆಂಡ್‌ನಲ್ಲೂ ನನ್ನ ದಾರಿ ಅವಳದಕ್ಕಿಂತ ಸ್ವಲ್ಪ ಜಾಸ್ತಿ. ಇದರ ನಡುವೆ ಮಾತಾಡಬೇಕು. "ಬೆಂಡ್." "ಸ್ಟ್ರೇಟ್." "ಮುಂದೆ ಒಬ್ಬರು, ಎರಡು ಮೀಟರ್." "ಇನ್ನೂರು ಇದೆ, ಬಿಡು." ಮಾತು ಚಿಕ್ಕದಿರಬೇಕು. ಉಸಿರು ನನಗೂ ಬೇಕಲ್ವಾ.

ಆಮೇಲೆ ಎಲ್ಲಕ್ಕಿಂತ ದೊಡ್ಡ ನಿಯಮ. ಗೆರೆ ದಾಟುವಾಗ ಅವಳು ಮುಂದೆ ಇರಬೇಕು, ನಾನು ಹಿಂದೆ. ಗೈಡ್ ಮೊದಲು ದಾಟಿದರೆ ಓಟಗಾರ್ತಿ ಅನರ್ಹ.

ಆ ತಪ್ಪು ನಾನು ಮಾಡಿದ್ದೇನೆ. 2023ರ ಒಂದು ಕೂಟ. ಕೊನೆಯ ನೇರ ದಾರಿಗೆ ಬಂದಾಗ ತಂಗಿ ಮೂರನೆಯವಳು. ಹಿಂದಿನಿಂದ ಇನ್ನೊಂದು ಜೋಡಿ ಹತ್ತಿರ ಬರುತ್ತಿತ್ತು. ನಾನು ತಿರುಗಿ ನೋಡಿದೆ. ನೋಡಬಾರದಿತ್ತು. ಎದೆಯಲ್ಲಿ ಹಳೆಯ ಕಾಲೇಜು ಹುಡುಗ ಎದ್ದುಬಿಟ್ಟ. ಗೆರೆ ಹತ್ತಿರ ಬಂದ ಹಾಗೆ ಎದೆ ಮುಂದೆ ಚಾಚಿದೆ. ಅರ್ಧ ಹೆಜ್ಜೆ. ಅಷ್ಟೇ. ಅವಳು ದಾಟಿ, ಏದುಸಿರು ಬಿಡುತ್ತಾ, ನಾನು ಕೈ ಕುಲುಕುತ್ತೇನೆ ಅಂತ ಕೈ ಚಾಚಿ ನಿಂತಿದ್ದಳು. ಅಷ್ಟರಲ್ಲಿ ಅಧಿಕಾರಿ ಬಂದು ವಿಷಯ ಹೇಳಿದರು. ಆ ಚಾಚಿದ ಕೈ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ತುಂಬಾ ಹೊತ್ತಾದ ಮೇಲೆ ಅವಳೇ ಕೇಳಿದಳು.

"ಅಣ್ಣ, ನಿಮ್ಮ ವಾಚಲ್ಲಿ ಎಷ್ಟು ತೋರಿಸ್ತು?"

"5 ನಿಮಿಷ 58 ಸೆಕೆಂಡ್."

"ಹಾಗಾದ್ರೆ ಆರರ ಒಳಗೆ ಬಂದಿದೀನಿ."

ಅವಳು ಆರು ನಿಮಿಷದ ಒಳಗೆ 1500 ಮೀಟರ್ ಓಡಿದ್ದು ಅದೇ ಮೊದಲು. ಯಾವ ಫಲಿತಾಂಶದ ಹಾಳೆಯಲ್ಲೂ ಆ ಸಮಯ ಇಲ್ಲ. ನನ್ನ ವಾಚಿನಲ್ಲಿದೆ. ಅಳಿಸಿಲ್ಲ.

ಇದನ್ನು ಯಾಕೆ ಬರೆದೆ ಅಂದರೆ, ಪ್ಯಾರಾಲಿಂಪಿಕ್ಸ್ ಬಂದಾಗ ನಾವೆಲ್ಲ ಪದಕದ ಲೆಕ್ಕ ಹಾಕುತ್ತೇವೆ. ಹಾಕಬೇಕು, ಅದು ಖುಷಿಯ ಲೆಕ್ಕ. ತಂಗಿ ಅದನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಾಳೆ. ಲಂಡನ್ 1, ರಿಯೊ 4, ಟೋಕಿಯೊ 19, ಪ್ಯಾರಿಸ್ 29. ಲಂಡನ್ನಿನ ಆ ಒಂದೇ ಒಂದು ಪದಕ ನಮ್ಮ ಹಾಸನ ಜಿಲ್ಲೆಯ ಗಿರೀಶ ಅವರದು. 2012, ಹೈಜಂಪ್, 1.74 ಮೀಟರ್, ಬೆಳ್ಳಿ. ತಂಗಿ ಆಗ ಚಿಕ್ಕ ಹುಡುಗಿ. ಶಾಲೆಯ ಪಿ.ಟಿ. ಮೇಷ್ಟ್ರು ಎರಡು ಕಂಬಕ್ಕೆ ಅಷ್ಟೇ ಎತ್ತರಕ್ಕೆ ಹಗ್ಗ ಕಟ್ಟಿ, ಒಬ್ಬೊಬ್ಬ ಮಗುವನ್ನೂ ಕರೆದು ಮುಟ್ಟಿಸಿದರಂತೆ. ಅವಳಿಗೆ ಸಿಗಲಿಲ್ಲ. ಮೇಷ್ಟ್ರು ಎತ್ತಿ ಹಿಡಿದು ಮುಟ್ಟಿಸಿದರು. "ಒಂದು ಕಾಲು ಸರಿ ಇಲ್ಲದ ಮನುಷ್ಯ ಇದರ ಮೇಲೆ ಹಾರಿದಾರೆ" ಅಂದರು. ಪದಕ ಅಂದರೆ ಇವತ್ತಿಗೂ ಅವಳಿಗೆ ಆ ಹಗ್ಗವೇ.

ಪ್ಯಾರಿಸ್ ಸಮಯದಲ್ಲಿ ನಾವೂ ಆ ಮೇಷ್ಟ್ರ ಹಾಗೇ ಅಳೆದು, ಮಾಡಿ ನೋಡಿದೆವು. 2024ರ ಸೆಪ್ಟೆಂಬರ್ 2ರಂದು ಒಂದೇ ದಿನ ಭಾರತಕ್ಕೆ 8 ಪದಕ ಬಂತು. ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಅವರಿಗೆ ಬ್ಯಾಡ್ಮಿಂಟನ್ ಬೆಳ್ಳಿ. ಟೋಕಿಯೊದಲ್ಲೂ ಬೆಳ್ಳಿ ಗೆದ್ದಿದ್ದರು. ಅದೇ ದಿನ ಸುಮಿತ್ ಅಂತಿಲ್ ಜಾವೆಲಿನ್ 70.59 ಮೀಟರ್ ಎಸೆದು ಚಿನ್ನ ಉಳಿಸಿಕೊಂಡರು. ಕುಸ್ತಿ ಆಡುತ್ತಿದ್ದ ಹುಡುಗ, 2015ರಲ್ಲಿ ಅಪಘಾತದಲ್ಲಿ ಎಡಗಾಲು ಹೋಯಿತು. ಮರುದಿನ ಬೆಳಿಗ್ಗೆ ತಂಗಿ "70.59 ಅಂದ್ರೆ ಎಷ್ಟು ದೂರ?" ಅಂದಳು. ಟೇಪ್ ಹಿಡಿದು ಅಳೆದು ಎರಡೂ ತುದಿಗೆ ಚಪ್ಪಲಿ ಇಟ್ಟೆ. ದಾರ ಹಿಡಿದು ನಡೆದೆವು. ಅವಳ ಲೆಕ್ಕದಲ್ಲಿ 104 ಹೆಜ್ಜೆ. ತುದಿಗೆ ಬಂದು ನಿಂತು, "ಒಂದೇ ಸಲ ಎಸೆದ್ರಾ?" ಅಂತ ಎರಡು ಬಾರಿ ಕೇಳಿದಳು.

ಶೀತಲ್ ದೇವಿಯನ್ನು ಅರ್ಥ ಮಾಡಿಸೋದು ಕಷ್ಟವಾಯಿತು. ಜಮ್ಮುವಿನ ಕಿಶ್ತ್‌ವಾಡದ ಆಗ ಹದಿನೇಳು ವರ್ಷದ ಹುಡುಗಿ. ಹುಟ್ಟಿನಿಂದ ಎರಡೂ ತೋಳಿಲ್ಲ. ಆದರೆ ಆಡುವುದು ಬಿಲ್ಲುಗಾರಿಕೆ. ಅವತ್ತು ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ ಕಂಚು. ಕುರ್ಚಿ ಮೇಲೆ ಕೂತು ಬಲಗಾಲಿನಿಂದ ಬಿಲ್ಲು ಎತ್ತುತ್ತಾರೆ, ಭುಜದಿಂದ ಹೆದೆ ಎಳೆಯುತ್ತಾರೆ, ದವಡೆಯ ಬಲದಿಂದ ಬಾಣ ಬಿಡುತ್ತಾರೆ ಅಂತ ಹೇಳಿದೆ. ತಂಗಿ ಸುಮ್ನೆ ಕೇಳಿಸಿಕೊಂಡಳು. ಆಮೇಲೆ ಅಲ್ಲೇ ಕಟ್ಟೆ ಮೇಲೆ ಕೂತು, ಬಲಗಾಲನ್ನು ಭುಜದ ಎತ್ತರಕ್ಕೆ ಎತ್ತಿ ಹಿಡಿದಳು. ಹತ್ತು ಸೆಕೆಂಡಿಗೆ ತೊಡೆ ನಡುಗಿತು. "ಇದ್ರಲ್ಲಿ ಗುರಿ ಬೇರೆ ಇಡ್ಬೇಕಾ" ಅಂದಳು. ನಾನು ಹೇಳಿದ್ದಕ್ಕಿಂತ ಜಾಸ್ತಿ ಅವಳ ಕಾಲೇ ಅವಳಿಗೆ ತಿಳಿಸಿತ್ತು.

ಆದರೆ ನಾವಿಬ್ಬರೂ ಕಾದಿದ್ದು ಓಟಕ್ಕೆ. ಮೊದಲು ರಕ್ಷಿತಾ ರಾಜು. ಚಿಕ್ಕಮಗಳೂರು ಜಿಲ್ಲೆಯವರು, ಅಜ್ಜಿ ಸಾಕಿ ಬೆಳೆಸಿದ ಮಗಳು. ಟಿ11, 1500 ಮೀಟರ್, ಅಂದರೆ ತಂಗಿಯದೇ ವಿಭಾಗ, ತಂಗಿಯದೇ ದೂರ. ಜಕಾರ್ತದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ, ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. ಅವರ ಗೈಡ್ ರಾಹುಲ್ ಬಾಲಕೃಷ್ಣ ಅವರೇ ಕೋಚ್ ಕೂಡ. ಪ್ಯಾರಿಸ್‌ನಲ್ಲಿ ರಕ್ಷಿತಾ ಹೀಟ್ಸ್, ಅಂದರೆ ಫೈನಲ್‌ಗೆ ಮೊದಲಿನ ಅರ್ಹತಾ ಓಟ, ದಾಟಲಿಲ್ಲ. ಪೇಪರಿನವರಿಗೆ ಅದು ಒಂದು ಸಾಲು. ನಮಗೆ ಅದು ಮೂರು ಮುಕ್ಕಾಲು ಸುತ್ತು. ಕನ್ನಡ ಮಾತಾಡುವ ಹುಡುಗಿಯೊಬ್ಬಳು ಕಪ್ಪು ಪಟ್ಟಿ ಕಟ್ಟಿಕೊಂಡು, ಅಷ್ಟು ದೊಡ್ಡ ಸ್ಟೇಡಿಯಮ್ಮಿನ ಗದ್ದಲದಲ್ಲಿ ಒಂದು ದನಿಯನ್ನು ಮಾತ್ರ ಹಿಡಿದು ಓಡಿದ್ದು.

ಸೆಪ್ಟೆಂಬರ್ 7, ಶನಿವಾರ. ಗಣೇಶನ ಹಬ್ಬ. ತಂಗಿ ಊರಿಗೆ ಹೋಗಿದ್ದಳು. ನಮ್ಮ ಮನೆಯಲ್ಲಿ ನೆಂಟರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಟಿವಿ ದನಿ ಸಣ್ಣ ಮಾಡಿ ಅವಳಿಗೆ ಫೋನ್ ಮಾಡಿದೆ. ಟಿ12 ವಿಭಾಗದ 200 ಮೀಟರ್ ಫೈನಲ್. ನಮ್ಮವರು ಸಿಮ್ರನ್ ಶರ್ಮ. ಉತ್ತರ ಪ್ರದೇಶದ ಮೋದಿನಗರದವರು, ದಿನ ತುಂಬುವ ಮೊದಲೇ ಹುಟ್ಟಿದ ಮಗು, ದೃಷ್ಟಿ ಮೊದಲಿನಿಂದಲೂ ಕಡಿಮೆ. ಎರಡು ದಿನ ಮೊದಲು 100 ಮೀಟರ್ ಫೈನಲ್‌ನಲ್ಲಿ ನಾಲ್ಕನೆಯವರಾಗಿದ್ದರು. ಗೈಡ್ ಜೊತೆ ಓಡುವವರಿಗೆ ಎರಡೆರಡು ಲೇನ್ ಕೊಡುತ್ತಾರೆ, ಹಾಗಾಗಿ ಫೈನಲ್‌ನಲ್ಲಿ ಇರೋದೇ ನಾಲ್ಕು ಜನ. ನಾಲ್ಕರಲ್ಲಿ ನಾಲ್ಕನೆಯವರಾಗಿ, ಬರಿಗೈಯಲ್ಲಿ ಹೋಗಿ ಮಲಗಿ, ಎದ್ದು ಮತ್ತೆ ಬಂದು ಬ್ಲಾಕಿನಲ್ಲಿ ಕೂರುವುದು ಸುಲಭ ಅಲ್ಲ.

"ಸೆಟ್ ಅಂದ್ರು" ಅಂದೆ. ಫೋನಿನ ಆ ಕಡೆ ಅವಳ ಅಮ್ಮನ ಉಸಿರೂ ಕೇಳುತ್ತಿತ್ತು.

ಗುಂಡು ಸಿಡಿಯಿತು. ನಾನು ಯಾರು ಮುಂದೆ, ಯಾರು ಹಿಂದೆ ಅಂತ ಶುರು ಮಾಡಿದೆ. ತಂಗಿ ತಡೆದಳು.

"ಅದು ಬೇಡ. ಕೈ ಹೇಳಿ. ಕೈ ಹೇಗಿದೆ?"

ಆಗ ನಾನು ಟಿವಿಯಲ್ಲಿ ಬೇರೆಲ್ಲ ಬಿಟ್ಟು ಸಿಮ್ರನ್ ಕೈಯನ್ನೇ ನೋಡಿದೆ. ಪಕ್ಕದಲ್ಲಿ ಗೈಡ್ ಅಭಯ್ ಸಿಂಗ್. ಎರಡು ಕೈ ಒಂದೇ ಕೈಯ ಹಾಗೆ ಹೋಗಿ ಬರುತ್ತಿತ್ತು. "ಒಟ್ಟಿಗೆ ಇದೆ" ಅಂದೆ. "ಒಟ್ಟಿಗೆ ಇದೆ. ಬೆಂಡ್ ಮುಗೀತು. ಒಟ್ಟಿಗೇ ಇದೆ." ಅಷ್ಟು ಹೇಳುವಷ್ಟರಲ್ಲಿ ಓಟ ಮುಗಿದಿತ್ತು. 24.75 ಸೆಕೆಂಡ್, ಕಂಚು. ಚಿನ್ನ ಕ್ಯೂಬಾದ ಒಮಾರಾ ಡುರಾಂಡ್ ಅವರಿಗೆ, ಅದು ಅವರ ಹನ್ನೊಂದನೇ ಪ್ಯಾರಾಲಿಂಪಿಕ್ ಚಿನ್ನ. ತಂಗಿ ಕೇಳಿದ್ದು ಒಂದೇ.

"ಗೈಡ್ ಹಿಂದೆ ಇದ್ರಾ?"

"ಹಿಂದೆ ಇದ್ರು."

ಅವಳು ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತು. ಆಮೇಲೆ ಅವಳ ಅಮ್ಮ ಫೋನ್ ತಗೊಂಡು, "ಆ ಹುಡುಗನಿಗೂ ಪದಕ ಕೊಡ್ತಾರಾ ಸಾರ್?" ಅಂತ ಕೇಳಿದರು. ಕೊಡ್ತಾರೆ ಅಮ್ಮಾ, ಪಕ್ಕದಲ್ಲೇ ನಿಲ್ಲಿಸಿ ಕೊರಳಿಗೆ ಹಾಕ್ತಾರೆ ಅಂದೆ. ಹೇಳುವಾಗ ನನ್ನ ದನಿ ಸ್ವಲ್ಪ ಅಲುಗಾಡಿತು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಒಳ್ಳೆಯ ಬೂಟು ದುಡ್ಡು ಕೊಟ್ಟರೆ ಸಿಗುತ್ತೆ. ಓಡುವ ಬ್ಲೇಡು ಸಿಗುತ್ತೆ, ಗಾಲಿಕುರ್ಚಿ ಸಿಗುತ್ತೆ, ದುಬಾರಿ ಆದರೂ ಸಿಗುತ್ತೆ. ಗೈಡ್ ಅಂಗಡಿಯಲ್ಲಿ ಸಿಗಲ್ಲ. ತಂಗಿಯ ಮೊದಲಿನ ಗೈಡ್ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಾಗ ನಾಲ್ಕು ತಿಂಗಳು ಅವಳು ಓಡಲೇ ಇಲ್ಲ. ಹಾಸ್ಟೆಲ್ ಕೋಣೆಯಲ್ಲಿ ಮಂಚದ ಕಂಬಿ ಹಿಡಿದು ನಿಂತಲ್ಲೇ ಓಡುತ್ತಿದ್ದಳು. ಕಾಲಿನಲ್ಲಿ ಶಕ್ತಿ ಇದೆ, ಮನಸ್ಸಿನಲ್ಲಿ ಆಸೆ ಇದೆ, ಪಕ್ಕದಲ್ಲಿ ಒಬ್ಬ ಮನುಷ್ಯ ಇಲ್ಲ ಅಂತ ನಾಲ್ಕು ತಿಂಗಳು. ಗೈಡ್ ತನ್ನ ಓಟಗಾರರಿಗಿಂತ ವೇಗ ಇರಬೇಕು, ಆದ್ದರಿಂದ ತಂಗಿ ಚುರುಕಾದಷ್ಟೂ ನಾನೂ ಚುರುಕಾಗಬೇಕು. ಒಂದು ದಿನ ಅವಳು ನನ್ನನ್ನು ಮೀರುತ್ತಾಳೆ. ಆ ದಿನಕ್ಕೆ ಇನ್ನೊಬ್ಬರು ಬೇಕು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಕಾಲೇಜಿನಲ್ಲಿ ಓಡಿ ಬಿಟ್ಟವರಿದ್ದರೆ, ದಯವಿಟ್ಟು ನಿಮ್ಮ ಊರಿನ ಅಂಧ ಮಕ್ಕಳ ಶಾಲೆಯಲ್ಲಿ ಒಮ್ಮೆ ಕೇಳಿ.

ಸಿಮ್ರನ್ ಓಡಿದ ಮರುದಿನ ಭಾನುವಾರ, ಪ್ಯಾರಿಸ್‌ನಲ್ಲಿ ಮ್ಯಾರಥಾನ್. ಸ್ಪೇನಿನ ಎಲೆನಾ ಕಾಂಗೋಸ್ಟ್ ಮೂರನೆಯವರಾಗಿ ಬರುತ್ತಿದ್ದರು. ಗೆರೆಗೆ ಕೆಲವೇ ಮೀಟರ್ ಇರುವಾಗ ಅವರ ಗೈಡ್‌ಗೆ ಕಾಲು ಸೆಳೆತ ಬಂದು ಬೀಳುವ ಹಾಗಾಯಿತು. ಅವರನ್ನು ಹಿಡಿಯಲು ಎಲೆನಾ ಒಂದು ಕ್ಷಣ ದಾರ ಬಿಟ್ಟರು. ಅನರ್ಹ. ಅವತ್ತು ಕಂಚು ಹಿಂದೆ ಬಂದ ಜಪಾನಿನವರಿಗೆ ಹೋಯಿತು.

ಹಬ್ಬ ಮುಗಿಸಿ ತಂಗಿ ಬಂದ ದಿನ ಮೈದಾನದಲ್ಲಿ ಇದನ್ನು ಹೇಳಿದೆ. ಅವಳು ಒಂದು ಸುತ್ತು ಮಾತಿಲ್ಲದೆ ಓಡಿದಳು. ಎರಡನೇ ಸುತ್ತಿನ ನೇರ ದಾರಿಯಲ್ಲಿ ಕೇಳಿದಳು.

"ನೀವು ಬಿದ್ರೆ ನಾನೇನು ಮಾಡ್ಲಿ?"

"ದಾರ ಬಿಡಬೇಡ. ಅಷ್ಟೇ."

"ಬಿಡದೆ ಹೇಗಣ್ಣ ಎತ್ತೋದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಂತೆವು. ನಾನು ಟ್ರ್ಯಾಕಿನ ಮೇಲೆ ಕಾಲು ಚಾಚಿ ಕೂತೆ, ಸೆಳೆತ ಬಂದವನ ಹಾಗೆ. ಮೊದಲ ಸಲ ಅವಳು ಬಗ್ಗಿದಾಗ ಕುಣಿಕೆ ಬೆರಳಿನಿಂದ ಜಾರಿತು. ಎರಡನೇ ಸಲ ನನ್ನ ಭಾರಕ್ಕೆ ಅವಳೇ ಮುಗ್ಗರಿಸಿದಳು. ಮೂರನೇ ಸಲ ಮೊದಲು ದಾರವನ್ನು ಬಲಗೈ ಮುಷ್ಟಿಯೊಳಗೆ ಸುತ್ತಿಕೊಂಡಳು. ಎಡಗೈಯಿಂದ ನನ್ನ ತೋಳು ಹುಡುಕಿದಳು, ಕಂಕುಳ ಕೆಳಗೆ ಕೈ ಹಾಕಿದಳು, ಹಿಮ್ಮಡಿ ಊರಿ ಎತ್ತಿದಳು. ಎದ್ದೆ. ದಾರ ಇಬ್ಬರ ಕೈಯಲ್ಲೂ ಇತ್ತು.

"ಇನ್ನೊಂದ್ಸಲ ಮಾಡೋಣ" ಅಂದಳು.

ಮತ್ತೆ ಕೂತೆ.