ತೋಟದ ಮಟಪಕ್ಷಿ, ಘಟ್ಟದ ಮಟಪಕ್ಷಿ

ಹೊಸದಾಗಿ ಹಕ್ಕಿ ನೋಡಲು ಹೊರಟವರು ತೋಟದ ಮಟಪಕ್ಷಿಯನ್ನು ಕೆಂಬೂತ ಎಂದುಕೊಳ್ಳುವುದುಂಟು. ಎರಡಕ್ಕೂ ಉದ್ದ ಬಾಲ, ಎರಡರಲ್ಲೂ ಕೆಂಗಂದು ಬಣ್ಣ. ಆದರೆ ಕೆಂಬೂತದ ಮೈ ಕಪ್ಪು, ರೆಕ್ಕೆ ಮಾತ್ರ ಕೆಂಗಂದು. ಅದು ಬೇಲಿಸಾಲಿನ ಬುಡದಲ್ಲಿ ನಡೆದಾಡಿಕೊಂಡಿರುತ್ತದೆ. ಮಟಪಕ್ಷಿಗೆ ಮೈಯೇ ಕೆಂಗಂದು, ತಲೆ ಕತ್ತು ಮಸಿಬಣ್ಣ, ರೆಕ್ಕೆಯಲ್ಲಿ ಅಗಲವಾದ ಬೂದುಬಿಳಿ ಪಟ್ಟೆ, ಬೂದು ಬಾಲದ ತುದಿ ಕಪ್ಪು. ನೆಲಕ್ಕಿಳಿಯುವುದು ಕಡಿಮೆ. ಮೈ ಗೊರವಂಕದಷ್ಟೇ ಇದ್ದರೂ ಬಾಲ ಸೇರಿದರೆ 50 ಸೆಂ.ಮೀ. ಹತ್ತಿರ ಬರುತ್ತದೆ. ಕಾಗೆಯ ಕುಟುಂಬದ್ದೇ ಹಕ್ಕಿ, ಬುದ್ಧಿಯೂ ಹಾಗೇ.

ಘಟ್ಟದ ನಿತ್ಯಹರಿದ್ವರ್ಣ ಕಾಡಿಗೆ ಹೋದರೆ, ಆಗುಂಬೆ, ಕುದುರೆಮುಖದ ಕಡೆ, ಇನ್ನೊಂದು ಮಟಪಕ್ಷಿ ಇದೆ. ಹೊಟ್ಟೆ, ಎದೆ, ಕತ್ತಿನ ಹಿಂಭಾಗ ಅಚ್ಚ ಬಿಳುಪು, ಮುಖ ಮತ್ತು ಗಂಟಲು ಕಪ್ಪು. ಪಶ್ಚಿಮ ಘಟ್ಟದ ಸೀಮೆಯದ್ದೇ ಹಕ್ಕಿ ಇದು. ಭೀಮರಾಜ ಹಕ್ಕಿ ಇರುವ, ಹಲವು ಜಾತಿ ಹಕ್ಕಿಗಳ ಮಿಶ್ರ ಗುಂಪಿನಲ್ಲಿ ಹುಡುಕಿ, ಬೇಗ ಸಿಗುತ್ತದೆ. ಒಂದು ತೊಡಕಿದೆ: ಭೀಮರಾಜ ಬೇರೆ ಹಕ್ಕಿಗಳ ದನಿಯನ್ನೆಲ್ಲ ಅಣಕಿಸುವ ಆಸಾಮಿ. ಬರೀ ಕೂಗು ನಂಬಿ, ಕಂಡ ಹಕ್ಕಿಗಳ ಪಟ್ಟಿಗೆ ಸೇರಿಸಬೇಡಿ, ಕಣ್ಣಿಗೆ ಬೀಳುವವರೆಗೆ ಕಾಯಿರಿ.

ಊಟದ ವಿಷಯದಲ್ಲಿ ತೋಟದ ಮಟಪಕ್ಷಿಗೆ ಮಡಿ ಇಲ್ಲ. ಆಲ, ಅತ್ತಿಯ ಹಣ್ಣು, ಹೂವಿನ ಮಕರಂದ, ಹಲ್ಲಿ, ಕಪ್ಪೆ, ಹುಳು, ಎಲ್ಲವೂ ಸರಿ. ಪಿಕಳಾರದಂಥ ಸಣ್ಣ ಹಕ್ಕಿಗಳ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಏಪ್ರಿಲ್‌ನಲ್ಲಿ ಪುಟ್ಟ ಹಕ್ಕಿಗಳೆಲ್ಲ ಸೇರಿ ಇದನ್ನು ಅಟ್ಟಿಸಿಕೊಂಡು ಹೋಗುವುದು ಕಂಡರೆ ಕಾರಣ ಅದೇ.

ತೆಂಗಿನ ತೋಟದವರು ಮಾತ್ರ ಇದನ್ನು ಓಡಿಸಬಾರದು. ತೆಂಗಿನ ಮರವನ್ನು ಹಾಳುಮಾಡುವ ಕೆಂಪು ಮೂತಿ ಹುಳುವಿನ ಮರಿಹುಳುಗಳು ಇದಕ್ಕೆ ಆಹಾರ. ಹಾಗೆಂದು ಹಕ್ಕಿಯನ್ನೇ ನೆಚ್ಚಿ ಕೂರುವಂತಿಲ್ಲ. ಮರಿಹುಳು ಕಾಂಡದ ಒಳಗೇ ಕೊರೆಯುತ್ತಾ ಹೋಗುತ್ತದೆ, ಅಲ್ಲಿಗೆ ಯಾವ ಕೊಕ್ಕೂ ಎಟುಕುವುದಿಲ್ಲ. ಗರಿಯ ಬುಡದಲ್ಲೋ ಕೊಳೆತ ಭಾಗದಲ್ಲೋ ಇರುವವಷ್ಟೇ ಹಕ್ಕಿಯ ಪಾಲು. ಒಂದೇ ಮರದ ಸುಳಿಯ ಬಳಿ ಅದು ಮತ್ತೆ ಮತ್ತೆ ಕುಕ್ಕುತ್ತಿದ್ದರೆ ಆ ಮರವನ್ನು ಒಮ್ಮೆ ಪರೀಕ್ಷಿಸಿ. ಹಲ್ಲಿ ಹುಡುಕುತ್ತಿದ್ದರೂ ಇರಬಹುದು, ನೋಡಿದರೆ ನಷ್ಟವಿಲ್ಲ. ಕಾಂಡದ ತೂತಿನಿಂದ ಕಂದು ರಸ ಸೋರಿದೆಯೇ, ಜಗಿದ ನಾರು ಹೊರಬಿದ್ದಿದೆಯೇ ಗಮನಿಸಿ. ಕಿವಿಯಿಟ್ಟರೆ ಒಳಗೆ ಕರಕರ ಸದ್ದು ಕೇಳಿಸುವುದೂ ಉಂಟು. ಈ ಹುಳು ಬರುವುದು ಗಾಯದ ವಾಸನೆಗೆ. ಹಸಿ ಗರಿ ಕಡಿಯಲೇಬೇಕಾದರೆ ಕಾಂಡಕ್ಕೆ ಅಂಟಿಸಿ ಕಡಿಯದೆ ಕನಿಷ್ಠ 1 ಮೀಟರ್ ಮಟ್ಟೆ ಬಿಡಿ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮಾಡಿದ ತೂತೂ ಈ ಹುಳುವಿಗೆ ದಾರಿಯೇ, ಅದನ್ನೂ ನೋಡಿಕೊಳ್ಳಿ. ಸತ್ತ ಮರವನ್ನು ಹಾಗೇ ನಿಲ್ಲಿಸದೆ ಸೀಳಿ, ಒಳಗಿನ ಹುಳು ಸಮೇತ ಸುಡಬೇಕು.