ಎರಡನೇ ಹೆಸರು

12 ನವೆಂಬರ್ 2024, ಮಂಗಳವಾರ

ಬೆಳಗ್ಗೆ ಪೂರ್ತಿ ನಮ್ಮ ಈ ಹಿರಿಯರ ವಸತಿಯ ಕ್ಲಬ್ ಹೌಸಿನಲ್ಲೇ ಕಳೆಯಿತು. ಪೆನ್ಷನ್ನಿನವರು ಇನ್ನೂ ಬದುಕಿದ್ದೇವೆ ಅಂತ ತೋರಿಸುವ ಲೈಫ್ ಸರ್ಟಿಫಿಕೇಟ್ ಮಾಡಿಕೊಡಲು ಅಂಚೆಯಣ್ಣ ಬಂದಿದ್ದ. ಒಬ್ಬೊಬ್ಬರಿಗೆ 70 ರೂಪಾಯಿ. ನಮ್ಮಲ್ಲಿ ಬಹಳ ಜನರ ಬೆರಳಿನ ಗೆರೆ ಸವೆದು ಹೋಗಿದೆ, ಮಿಷನ್ ಒಪ್ಪುವುದಿಲ್ಲ. ಅಂಥವರು ಫೋನಿನ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಬೇಕು. ಪೋಸ್ಟಾಫೀಸು ರಾಯರು ಎಷ್ಟು ಮಿಟುಕಿಸಿದರೂ ಅದಕ್ಕೆ ಸಾಲದು. "ಆಪರೇಷನ್ ಆಗಿರೋ ಕಣ್ಣು ಕಣಪ್ಪಾ, ನಿನ್ನ ಸ್ಪೀಡಿಗೆ ಬರಲ್ಲ" ಅಂತ ರೇಗಿದರು. ಅವರದೇ ಇಲಾಖೆಯ ಹುಡುಗ ಬೇರೆ. ಸುತ್ತ ನಿಂತವರೆಲ್ಲ ನಕ್ಕಿದ್ದೇ ನಕ್ಕಿದ್ದು.

ಊಟದ ಮನೆಯಲ್ಲಿ ಇವತ್ತೂ ಕಿರಿಕಿರಿ. ಏಕಾದಶಿ ಅಂತ ಅರ್ಧ ಜನಕ್ಕೆ ಅವಲಕ್ಕಿ, ಇನ್ನರ್ಧ ಜನಕ್ಕೆ ಅನ್ನ. ಈ ಒಂದು ತಿಂಗಳು ಚಾತುರ್ಮಾಸ್ಯದ ದ್ವಿದಳ ವ್ರತದವರಿಗೆ ಅಂತ ಭಟ್ಟರು ಬೇಳೆ ಹಾಕದ ಮೆಣಸಿನ ಸಾರು ಬೇರೆ ಮಾಡುತ್ತಿದ್ದರು. ಕೊನೆಕೊನೆಗೆ ಎರಡೆರಡು ಪಾತ್ರೆ ಯಾಕೆ ಅಂತ ಎಲ್ಲರಿಗೂ ಅದನ್ನೇ ಬಡಿಸಿಬಿಟ್ಟರು. ಮಿಲಿಟರಿ ಮಾವನಿಗೆ ಸಿಟ್ಟು, "ವ್ರತ ಅವರದು, ನಾಲಿಗೆ ನಂದು" ಅಂತ. ನಾಳೆ ದ್ವಾದಶಿ. ಬೋರ್ಡಿನಲ್ಲಿ ಹಯಗ್ರೀವ ಅಂತ ಬರೆದಿದ್ದಾರೆ. ಕಡಲೆಬೇಳೆ, ಬೆಲ್ಲ, ತುಪ್ಪ ಬಿದ್ದ ಮೇಲೆ ಜಗಳ ತಾನಾಗೇ ನಿಲ್ಲುತ್ತದೆ. ಬಿಡಿ, ಇದೆಲ್ಲ ದಿನಾ ಇದ್ದದ್ದೇ.

ಬರೆಯಬೇಕು ಅನ್ನಿಸಿದ್ದು ಸಂಜೆಯ ವಿಷಯ.

ಆಫೀಸಿನ ಹುಡುಗಿ ಎಲ್ಲರ ಮನೆಗೂ ಹೊಸ ಫಾರಂ ಕೊಟ್ಟು ಹೋಗಿದ್ದಾಳೆ. ಹೆಸರು, ರಕ್ತದ ಗುಂಪು, ನುಂಗುವ ಮಾತ್ರೆ, ಅಲರ್ಜಿ. ಕೆಳಗೆ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಎರಡು ಕಾಲಂ. ಎರಡನೆಯದರ ಪಕ್ಕ ಸಣ್ಣಕ್ಷರದಲ್ಲಿ, "ಒಂದು ಗಂಟೆಯೊಳಗೆ ಬರಬಲ್ಲವರು".

ನಾಲ್ಕೂವರೆಗೆ ತೀರ್ಥಹಳ್ಳಿ ಅಕ್ಕ ಬಂದರು. ಕೈಯಲ್ಲಿ ನಾಳೆಯ ತುಳಸಿ ಪೂಜೆಗೆ ಮಾಲಿಯ ಹತ್ತಿರ ಕಡಿಸಿದ ನೆಲ್ಲಿ ಕೊಂಬೆ, ಕಂಕುಳಲ್ಲಿ ಫಾರಂ. ಕೊಂಬೆಯನ್ನು ನನ್ನ ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿದರು. ಉದುರಿದ ಎರಡು ಕಾಯಿ ತೊಳೆದು ಉಪ್ಪು ಹಚ್ಚಿ ನನಗೊಂದು ಕೊಟ್ಟು, ತಾವೊಂದು ಬಾಯಿಗೆ ಹಾಕಿಕೊಂಡರು. ಏಕಾದಶಿ ಅಲ್ವಾ ಅಕ್ಕಾ ಅಂದೆ. "ನೆಲ್ಲಿಕಾಯಿಗೆ ಎಂತ ಏಕಾದಶಿಯೇ ಮಾರಾಯ್ತಿ" ಅಂದರು. ಆಮೇಲೆ ಅದೇ ದನಿಯಲ್ಲಿ, "ಎರಡನೇ ಕಾಲಮ್ಮಿಗೆ ನಿನ್ನ ಹೆಸರು ಬರೀಲನಾ?"

ನನಗೆ ತಕ್ಷಣ ಮಾತು ಹೊರಡಲಿಲ್ಲ. ಮಗ ಇದಾನಲ್ಲ ಅಕ್ಕಾ ಅಂದೆ.

"ಅವನದ್ದು ಒಂದನೇ ಕಾಲಮ್ಮು. ಟೊರಾಂಟೋದಲ್ಲಿ ಗಡಿಯಾರ ಹಿಂದಿಟ್ರಂತೆ ಈ ತಿಂಗಳು. ಈಗ ನಮಗೂ ಅವರಿಗೂ ಹತ್ತೂವರೆ ಗಂಟೆ. ನನಗೆ ರಾತ್ರಿ ಹನ್ನೊಂದಕ್ಕೆ ಏನಾರು ಆದ್ರೆ ಅವನು ಮೀಟಿಂಗಲ್ಲಿರ್ತಾನೆ. ಫೋನ್ ಎತ್ತಿ, ಟಿಕೆಟ್ ಮಾಡಿ, ಇಲ್ಲಿಗೆ ಬರೋ ಹೊತ್ತಿಗೆ ಎರಡು ದಿನ. ನೀನು ಗೋಡೆ ಆಚೆ ಇದ್ದಿ."

ಆಂಬುಲೆನ್ಸಿನಲ್ಲಿ ಜೊತೆಗೆ ಬರುವುದು ತಾನೇ, ಬರ್ತೀನಿ, ಅದಕ್ಕೇನು ಅಂದೆ. ಅಕ್ಕ ಎದ್ದು ಬಾಗಿಲು ಹಾಕಿ ಬಂದು ಕೂತರು.

"ಜೊತೆಗೆ ಯಾರಾದ್ರೂ ಬರ್ತಾರೆ, ಸೆಕ್ಯುರಿಟಿ ಹುಡುಗನೂ ಬರ್ತಾನೆ. ಅಲ್ಲಿ ಹೋದ ಮೇಲೆ ನಳಿಗೆ ಹಾಕ್ಬೇಡಿ, ಸಾಕು ಅಂತ ಹೇಳ್ಲಿಕ್ಕೆ ಒಬ್ಬರು ಬೇಕಲ್ಲ. ಮಗ ಹೇಳೂದಿಲ್ಲ. ಅವನಿಗೆ ಆಗೂದಿಲ್ಲ ಅದು. ದೂರ ಇದ್ದವರಿಗೆ ಇನ್ನೂ ಆಗೂದಿಲ್ಲ."

ಈ ಮಾತು ನಿಜ. ನಮ್ಮನೆಯವರು ಐಸಿಯುನಲ್ಲಿದ್ದಾಗ ಮಗ ಮಗಳು ಕಾರಿಡಾರಿನಲ್ಲಿ ಜಗಳ ಆಡಿದ್ದು ಇನ್ನೂ ಕಿವಿಯಲ್ಲಿದೆ. ಇಲ್ಲೇ ಇದ್ದ ಮಗಳು ಸಾಕು ಅಂದಳು, ಹೊರಗಿನಿಂದ ಬಂದ ಮಗ ಇನ್ನೊಂದು ದಿನ ನೋಡೋಣ ಅಂದ. ಅವರಿಬ್ಬರು ಈಗಲೂ ಹಬ್ಬಕ್ಕೆ ಮಾತ್ರ ಮಾತಾಡುತ್ತಾರೆ. ಹೆತ್ತ ಮಕ್ಕಳಿಗೇ ಇಷ್ಟು ಭಾರ ಆದದ್ದನ್ನು ನಾನು, ಗೋಡೆ ಆಚೆಯವಳು, ಯಾವ ಬಾಯಲ್ಲಿ ಹೇಳಲಿ? ಅಕ್ಕನ ಮಗ ಆಮೇಲೆ ಬಂದು ನನ್ನ ಮುಖ ನೋಡಿದರೆ?

ಅಕ್ಕನಿಗೆ ಇದೆಲ್ಲ ಹೇಳಲಿಲ್ಲ. ಕಾಫಿ ಮಾಡಲಾ ಅಂತ ಕೇಳಿದೆ. ಬೇಡ, ಉಪವಾಸ ಅಂದರು! ನಗು ಬಂತು ಇಬ್ಬರಿಗೂ.

ಸಂಜೆ ವಾಕಿಂಗಿನಲ್ಲಿ ರಾಯರನ್ನು ಸುಮ್ನೆ ಕೇಳಿದ ಹಾಗೆ ಕೇಳಿದೆ. ಅವರಿಗೆ ಗೊತ್ತಿಲ್ಲದ ಕಾನೂನು ಯಾವುದು. ಲಿವಿಂಗ್ ವಿಲ್ ಅಂತ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ, ಮಾಡಿಸಬಹುದು, ಸುಪ್ರೀಂ ಕೋರ್ಟು 2018ರಲ್ಲೇ ಒಪ್ಪಿದೆ ಅಂದರು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಅದಕ್ಕೇ ಯಾರೂ ಮಾಡಿಸುತ್ತಿರಲಿಲ್ಲವಂತೆ. 2023ರ ಜನವರಿಯಲ್ಲಿ ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಇಲ್ಲವೇ ಗೆಜೆಟೆಡ್ ಆಫೀಸರ್ ಮುಂದೆ ಸಹಿ ಹಾಕಿದರೆ ಸಾಕು. ನಮಗೆ ಮಾತಾಡುವ ಸ್ಥಿತಿ ಇಲ್ಲದಾಗ ಯಾರು ನಿರ್ಧಾರ ಹೇಳಬೇಕು ಅಂತ ಹೆಸರೂ ಅದರಲ್ಲೇ ಬರೆಯಬೇಕು. ಆದರೂ ಆಸ್ಪತ್ರೆಯ ಡಾಕ್ಟರುಗಳ ಎರಡು ಮಂಡಳಿ ಕೂತು ನೋಡಿಯೇ ಮುಂದಿನದು, ನಾನೊಬ್ಬಳೇ ಸಾಕು ಅಂದರೆ ನಡೆಯುವುದಿಲ್ಲ. ಇದು ಕೇಳಿ ಸ್ವಲ್ಪ ಹಗುರ ಆಯಿತು. ರಾಯರು ಮಾತ್ರ ನನ್ನನ್ನೇ ದಿಟ್ಟಿಸಿ, "ಯಾಕಮ್ಮಾ, ಹುಷಾರಾಗಿದ್ದೀರಿ ತಾನೇ?" ಅಂದರು. ನಾಳೆ ಬೆಳಗ್ಗೆ ಹೊತ್ತಿಗೆ ಇಡೀ ಬ್ಲಾಕಿಗೆ ನನಗೇನೋ ಕಾಯಿಲೆ ಅಂತ ಸುದ್ದಿ ಹಬ್ಬಿರುತ್ತದೆ.

ಈಗ ನನ್ನ ಫಾರಂ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಒಂದನೇ ಕಾಲಂ ಮಗಳದು, ಪುಣೆ. ಎರಡನೆಯದಕ್ಕೆ ಪೆನ್ನು ತಾನಾಗೇ ಅಕ್ಕನ ಹೆಸರಿಗೆ ಹೋಗುತ್ತದೆ. ಅಕ್ಕ ನನಗಿಂತ ದೊಡ್ಡವರು, ಮೊಣಕಾಲು ಬೇರೆ ಸರಿಯಿಲ್ಲ. ನಾನು ಅವರನ್ನು, ಅವರು ನನ್ನನ್ನು ಬರೆದುಕೊಂಡು ಕೂತರೆ ಆಫೀಸಿನವರು ನಗುತ್ತಾರೆ. ಬೇರೆ ಯಾರಿದ್ದಾರೆ? ಜಯನಗರದ ಓರಗಿತ್ತಿ ಮಗ. ಅವನಿಗೆ ಫೋನ್ ಮಾಡಿ ವರ್ಷ ಆಯಿತು, ಈಗ ಇದ್ದಕ್ಕಿದ್ದ ಹಾಗೆ ಮಾಡಿ ನಿನ್ನ ಹೆಸರು ಬರೀತೀನಿ ಕಣೋ ಅಂದರೆ ದುಡ್ಡಿನ ವಿಷಯ ಅಂದುಕೊಂಡಾನು.

ಅಕ್ಕನಿಗೆ ನಾಳೆ ಪೂಜೆಗೆ ಮೊದಲೇ ಹೂಂ ಅನ್ನಬೇಕು. ಇಲ್ಲದಿದ್ದರೆ ಅವರು ಮತ್ತೆ ಕೇಳುವ ಪೈಕಿ ಅಲ್ಲ. ನೋಟರಿಯನ್ನು ಇಲ್ಲಿಗೇ ಕರೆಸಿದರೆ ಮೂರು ನಾಲ್ಕು ಜನರದು ಒಟ್ಟಿಗೇ ಆಗುತ್ತದೇನೋ. ಆದರೆ ನಿರ್ಧಾರ ಹೇಳುವವರು ಪೋಷಕರೋ ಹತ್ತಿರದ ನೆಂಟರೋ ಆಗಿರಬೇಕು ಅಂದರಲ್ಲ ರಾಯರು, ಹಾಗಾದರೆ ಪಕ್ಕದ ಮನೆಯವಳು ಯಾವ ಲೆಕ್ಕಕ್ಕೆ